ಸ್ಕೀ ಬೂಟು ಒಂದು ನಂಬರ್ ದೊಡ್ಡದು ಬೇಡ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ಗುಲ್ಮಾರ್ಗ್ ಪ್ರವಾಸದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಸ್ಕೀ ಬೂಟಿನ ಬಗ್ಗೆ ಇದ್ದ ಒಂದು ಸಾಲು ಓದಿ ಸುಮ್ನೆ ಕೂರಲು ಆಗಲಿಲ್ಲ. ‘ಒಂದು ನಂಬರ್ ದೊಡ್ಡದು ತೆಗೆದುಕೊಳ್ಳಿ, ಎರಡು ಜೊತೆ ಕಾಲುಚೀಲ ಹಾಕಿ’ ಅಂತ ಇತ್ತು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ನಾನು ಬಳ್ಳಾರಿಯಲ್ಲಿ ಚಪ್ಪಲಿ ಅಂಗಡಿ ಇಟ್ಟವನು. ಚಳಿಗಾಲ ಬಂದರೆ ಸ್ಕೀಯಿಂಗ್‌ಗೆ ಹೋಗುವವನೂ ಹೌದು.

ಮೊಣಕಾಲು ಬಾಗಿಸಿ ಕಣಕಾಲನ್ನು ಬೂಟಿನ ನಾಲಿಗೆಗೆ ಒತ್ತಿದಾಗ ಆ ಬಲ ಸ್ಕೀಯ, ಅಂದರೆ ಹಿಮದ ಮೇಲೆ ಜಾರಲು ಬೂಟಿನಡಿ ಸಿಕ್ಕಿಸುವ ಉದ್ದ ಹಲಗೆಯ, ಅಂಚಿಗೆ ಇಳಿಯಬೇಕು. ಬೂಟು ಸಡಿಲ ಇದ್ದರೆ ಹಿಮ್ಮಡಿ ಮೇಲೇಳುತ್ತದೆ, ಸ್ಕೀ ಹೇಳಿದ ಮಾತು ಕೇಳುವುದಿಲ್ಲ. ಆಗ ಬಕಲ್ ಇನ್ನಷ್ಟು ಬಿಗಿಯುತ್ತೇವೆ. ರಕ್ತದ ಓಡಾಟ ಕಡಿಮೆಯಾಗಿ ಬೆರಳು ಮರಗಟ್ಟುತ್ತವೆ. ಎರಡು ಕಾಲುಚೀಲ ಹಾಕಿದರೆ ಮಡಿಕೆ ಬಿದ್ದು ಒತ್ತುತ್ತದೆ, ಬೆವರು ಒಳಗೇ ನಿಂತು ಚಳಿ ಜಾಸ್ತಿಯಾಗುತ್ತದೆ. ತೆಳ್ಳನೆಯ ಉದ್ದ ಕಾಲುಚೀಲ ಒಂದೇ ಸಾಕು.

ಹೊಸಬರು ಬಾಡಿಗೆ ಬೂಟಿನಲ್ಲೇ ಕಲಿಯಲಿ. ಒಂದೆರಡು ತರಬೇತಿ ಶಿಬಿರ ಮುಗಿಸಿ, ಎರಡೂ ಸ್ಕೀ ಅಕ್ಕಪಕ್ಕ ಸಮಾನಾಂತರವಾಗಿ ಇಟ್ಟು ತಿರುಗಲು ಬಂದವರು ಮಾತ್ರ ಸ್ವಂತದ್ದು ಕೊಳ್ಳಲಿ. ಅದೂ ಮೊದಲು ಬೂಟು. ಸ್ಕೀ ಬಾಡಿಗೆಗೆ ಸಿಗುತ್ತದೆ.

ಈ ಬೂಟಿಗೆ ನಮ್ಮ 7, 8 ನಂಬರ್ ನಡೆಯುವುದಿಲ್ಲ. ಮೊಂಡೋಪಾಯಿಂಟ್ ಅನ್ನುವ ಅಳತೆ ಇದೆ. ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ಬೂಟಿನ ನಂಬರ್. ಸಂಜೆ ಹೊತ್ತು ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಎರಡೂ ಕಾಲು ಅಳೆಯಿರಿ. ಸಾಮಾನ್ಯವಾಗಿ 26ಕ್ಕೂ 26.5ಕ್ಕೂ ಹೊರಗಿನ ಪ್ಲಾಸ್ಟಿಕ್ ಶೆಲ್ ಒಂದೇ ಇರುತ್ತದೆ. ಅರ್ಧ ನಂಬರಿಗೆ ತಲೆ ಕೆಡಿಸಿಕೊಳ್ಳಬೇಡಿ.

ನಾನು ಹೆಚ್ಚು ನಂಬುವುದು ಶೆಲ್ ಪರೀಕ್ಷೆಯನ್ನು. ಒಳಗಿನ ಮೆತ್ತನೆ ಲೈನರ್ ಹೊರಗೆಳೆಯಿರಿ. ಖಾಲಿ ಶೆಲ್‌ನಲ್ಲಿ ಕಾಲಿಟ್ಟು ಬೆರಳ ತುದಿ ಮುಂದಕ್ಕೆ ತಾಗಿಸಿ. ಈಗ ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ, ಎಷ್ಟೇ ಹಿತ ಅನಿಸಿದರೂ ಆ ಬೂಟು ಬಿಟ್ಟುಬಿಡಿ. ಸರಿಯಿದ್ದರೆ ಲೈನರ್ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಬಕಲ್ ಹಾಕಿ. ನೇರ ನಿಂತಾಗ ಬೆರಳು ಮುಂದೆ ತಾಗುತ್ತವೆ. ಮೊಣಕಾಲು ಬಾಗಿಸಿದ ಕೂಡಲೇ ಹಿಂದೆ ಸರಿಯುತ್ತವೆ. ಈ ಬಾಗಿಸುವುದನ್ನೇ ಮಾಡದೆ, ತಾಗುತ್ತದೆ ಅಂತ ದೊಡ್ಡದು ಕೇಳುವವರೇ ಹೆಚ್ಚು. ಬಾಡಿಗೆ ಅಂಗಡಿಯಲ್ಲೂ ಈ ಪರೀಕ್ಷೆ ಮಾಡಬಹುದು.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಇದೆ. ಈ ಬಿಸಿಲಲ್ಲಿ ವರ್ಷವಿಡೀ ಚಪ್ಪಲಿ ಮೆಟ್ಟುವ ಕಾಲು. ಬೆರಳ ಬುಡ ಅಗಲ, ಹಿಮ್ಮಡಿ ಸಣ್ಣದು. ಅಂಗಡಿಯಲ್ಲಿ ದಿನವೂ ನೋಡುತ್ತೇನೆ. ನನ್ನ ತಂಗಿಯ ಮಗ ಬೂಟು ಪಕ್ಕದಲ್ಲಿ ಒತ್ತುತ್ತದೆ ಅಂತ ಉದ್ದದ್ದು ತೆಗೆದುಕೊಂಡ. ಇಳಿಜಾರಿನಲ್ಲಿ ಕಾಲು ಮುಂದಕ್ಕೆ ಜಾರಿ ಜಾರಿ ಹೆಬ್ಬೆರಳ ಉಗುರು ಕಪ್ಪಾಯಿತು. ಅಗಲಕ್ಕೆ ಬೇರೆ ಅಳತೆ ಇದೆ, ಲಾಸ್ಟ್ ಅಂತ. 98 ಮಿಲಿಮೀಟರ್ ಅಂದರೆ ಕಿರಿದು, 100 ನಡುವಿನದು, 102ರ ಮೇಲೆ ಅಗಲ. ಒಂದೇ ಕಡೆ ಒತ್ತಿದರೆ ಬಲ್ಲವರು ಶೆಲ್ ಬಿಸಿ ಮಾಡಿ ಅಷ್ಟೇ ಜಾಗ ಉಬ್ಬಿಸಿ ಕೊಡುತ್ತಾರೆ. ಹೊಸ ಲೈನರ್ ಬಳಸುತ್ತಾ ಸ್ವಲ್ಪ ಅಮುಕಿ ಸಡಿಲವಾಗುತ್ತದೆ ಕೂಡ. ಹಾಗಾಗಿ ಮೊದಲ ದಿನ ಬಿಗಿ ಅನಿಸಿದರೆ ಗಾಬರಿ ಬೇಡ.

ಬೂಟಿನ ಗಡಸುತನಕ್ಕೆ ಫ್ಲೆಕ್ಸ್ ಅನ್ನುತ್ತಾರೆ. ನಡುಹಂತದ ಗಂಡಸರಿಗೆ ಸುಮಾರು 80ರಿಂದ 100, ಹೆಂಗಸರಿಗೆ 70ರಿಂದ 90. ಕಂಪನಿಯಿಂದ ಕಂಪನಿಗೆ ಈ ಅಂಕಿ ಬದಲಾಗುತ್ತದೆ. ಚಳಿಯಲ್ಲಿ ಪ್ಲಾಸ್ಟಿಕ್ ಇನ್ನೂ ಗಡಸಾಗುತ್ತದೆ ಅನ್ನುವುದೂ ನೆನಪಿರಲಿ.

ಅಟ್ಟೆಯಲ್ಲಿ ಬೇರೆ ಬೇರೆ ಬಗೆ ಇವೆ. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಅನ್ನುತ್ತಾರೆ. ಎಲ್ಲ ಅಟ್ಟೆಯೂ ಎಲ್ಲ ಬೈಂಡಿಂಗ್‌ಗೆ ಕೂರುವುದಿಲ್ಲ. ಬಿದ್ದಾಗ ಸ್ಕೀ ಕಳಚಿಕೊಳ್ಳದಿದ್ದರೆ ಮೊಣಕಾಲಿಗೆ ಅಪಾಯ ಅಲ್ವಾ? ಗೊತ್ತಿದ್ದವರ ಕೈಯಲ್ಲೇ ಹೊಂದಿಸಿಕೊಳ್ಳಿ.

ಲೇಖನದ ಆ ಸಾಲಿಗೆ ಒಂದು ತಿದ್ದುಪಡಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಮಕ್ಕಳನ್ನು ಶಿಬಿರಕ್ಕೆ ಕಳಿಸುವವರು ಅರ್ಜಿಯಲ್ಲಿ ಶೂ ನಂಬರ್ ಬದಲು ಪಾದದ ಉದ್ದ ಬರೆಸಿಕೊಳ್ಳಲಿ. ಅಳೆಯಲು ಬಾರದವರು ನಮ್ಮ ಅಂಗಡಿಗೆ ಬರಲಿ, ಉದ್ದ, ಅಗಲ ಎರಡೂ ಅಳೆದು ಚೀಟಿ ಬರೆದುಕೊಡುತ್ತೇನೆ. ದುಡ್ಡು ಬೇಡ.

– ಪಾದರಕ್ಷೆ ವ್ಯಾಪಾರಿ, ಬೆಂಗಳೂರು ರಸ್ತೆ, ಬಳ್ಳಾರಿ