ದಪ್ಪ ಪುಸ್ತಕ ಬರೆಯುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿಮ್ಮ ಕಾಗದ ಓದಿದೆ. ಮಲ್ಪೆಯ ದೋಣಿಗಳ ಕಾದಂಬರಿ ಆರುನೂರು ಪುಟ ದಾಟಿದೆ. ಪ್ರಕಾಶಕರು ‘ಅರ್ಧ ಮಾಡಿ ತನ್ನಿ’ ಅಂದಿದ್ದಾರೆ. ಇದೇ ವಿಷಯದ ಮೇಲೆ ಆಗಲೇ ಒಂದು ಪುಸ್ತಕ ಬೇರೆ ಇದೆ. ಕೈಬಿಡಲಾ ಅಂತ ಕೇಳಿದ್ದೀರಿ.

ಸುಮ್ನೆ ಧೈರ್ಯ ಹೇಳುವುದು ನನಗೆ ಬರುವುದಿಲ್ಲ. ತಿರುವನಂತಪುರದ ಒಬ್ಬರ ಕಥೆ ಹೇಳುತ್ತೇನೆ, ಕೇಳಿ.

ಶ್ರೀಕಂಠೇಶ್ವರಂ ಪದ್ಮನಾಭ ಪಿಳ್ಳೆ ಹುಟ್ಟಿದ್ದು 1864ರಲ್ಲಿ. ಮೊದಲು ಎಲ್ಲರಂತೆ ಅವರೂ ಕಥಕಳಿಗೆ ಆಟ್ಟಕ್ಕಥೆ, ಅಂದರೆ ಆಟದ ಪ್ರಸಂಗ, ಬರೆದರು, ತುಳ್ಳಲ್ ಎಂಬ ಕುಣಿತಕ್ಕೆ ಪದ್ಯ ಬರೆದರು. ಅವನ್ನು ಈಗ ಓದುವವರು ಕಡಿಮೆ. 1895ರಲ್ಲಿ, ಮೂವತ್ತು ದಾಟಿದ ಮೇಲೆ, ಮಲಯಾಳಕ್ಕೊಂದು ನಿಘಂಟು ಮಾಡಲು ಕೂತರು. ಒಬ್ಬರೇ. ನಮ್ಮ ಸಾಹಿತ್ಯ ಪರಿಷತ್ತಿನ ನಿಘಂಟಿಗೆ ಇದ್ದಂತೆ ಸಂಪಾದಕ ಸಮಿತಿ ಅವರಿಗಿರಲಿಲ್ಲ. ವಿಶ್ವವಿದ್ಯಾಲಯದ ಆಸರೆಯೂ ಇಲ್ಲ, ಅವರ ತಿರುವಾಂಕೂರು ಸಂಸ್ಥಾನಕ್ಕೆ ಅದು ಬಂದಿದ್ದೇ 1937ರಲ್ಲಿ!

ಆಗ ಮಲಯಾಳದಲ್ಲಿ ನಿಘಂಟು ಇರಲಿಲ್ಲ ಅಂತಲ್ಲ. ಜರ್ಮನ್ ಪಾದ್ರಿ ಗುಂಡರ್ಟ್ ಅವರ ದೊಡ್ಡ ನಿಘಂಟು 1872ರಲ್ಲೇ ಬಂದಿತ್ತು, ಅದೂ ನಮ್ಮ ಮಂಗಳೂರಿನಿಂದ. ಆದರೆ ಅದರಲ್ಲಿ ಅರ್ಥ ಇಂಗ್ಲಿಷಿನಲ್ಲಿತ್ತು. ಪಿಳ್ಳೆಯವರು ಮಲಯಾಳಕ್ಕೆ ಮಲಯಾಳದಲ್ಲೇ ಅರ್ಥ ಕೊಟ್ಟರು. ಬೇರೊಬ್ಬರು ಬರೆದಾಗಿದೆ ಅಂತ ನೀವು ಹಿಂಜರಿಯುತ್ತಿದ್ದೀರಲ್ಲ, ಮೊದಲು ಆ ಪುಸ್ತಕ ಯಾರಿಗೆ ಬರೆದದ್ದು ಅಂತ ನೋಡಿ. ನಿಮ್ಮ ಓದುಗ ಅಲ್ಲಿಲ್ಲದಿದ್ದರೆ ಜಾಗ ಖಾಲಿಯೇ ಇದೆ.

ಮಲಯಾಳದಿಂದ ಅನುವಾದಕ್ಕೆ ಕೂತಾಗ ಪಿಳ್ಳೆಯವರ ಆ ನಿಘಂಟು ‘ಶಬ್ದತಾರಾವಲಿ’ ನನ್ನ ಮೇಜಿನ ಮೇಲಿರುತ್ತದೆ. ಒಂದು ಗಿಡದ ಹೆಸರು ಹುಡುಕಿದರೆ ಅದು ಯಾವ ಮದ್ದಿಗೆ ಬರುತ್ತದೆ ಅಂತಲೂ ಸಿಗುತ್ತದೆ. ಪುರಾಣದ ಹೆಸರಾದರೆ ಆ ಹೆಸರಿನವರ ಕಥೆಯೇ ಬಂದುಬಿಡುತ್ತದೆ. ನಿಘಂಟಿಗೆ ಇಷ್ಟೆಲ್ಲ ಬೇಕಾ ಅಂತ ಶಾಸ್ತ್ರ ಬಲ್ಲವರು ಕೇಳಬಹುದು. ನನಗಂತೂ ಆ ಜಾಸ್ತಿಯೇ ಇಷ್ಟ. ಐದು ನಿಮಿಷಕ್ಕೆ ಅಂತ ತೆಗೆದರೆ ಅರ್ಧ ಗಂಟೆ ಹೋಗಿರುತ್ತದೆ. ಆದ್ದರಿಂದ ಪ್ರಕಾಶಕರು ‘ಇದು ಕಥೆಗೆ ಬೇಕಿಲ್ಲ’ ಅಂದ ಬಲೆ ನೇಯುವ ಭಾಗವನ್ನು ಹೆದರಿ ಕಿತ್ತುಹಾಕಬೇಡಿ. ಬೇಜಾರು ತರಿಸುವ ಸಂಭಾಷಣೆ ಬೇಕಾದಷ್ಟಿದೆ, ಅದಕ್ಕೆ ಕತ್ತರಿ ಹಾಕಿ.

ಇನ್ನು ಗಾತ್ರದ ಮಾತು. ಅಷ್ಟು ದೊಡ್ಡ ಪುಸ್ತಕವನ್ನು ಒಂದೇ ಸಲ ಅಚ್ಚು ಹಾಕುವುದು ಆಗ ಸುಲಭವಿರಲಿಲ್ಲ. ಹಾಗಾಗಿ ಅದು ಬಿಡಿ ಭಾಗಗಳಾಗಿ ಬಂತು. ಮೊದಲ ಭಾಗ 1917ರಲ್ಲಿ. ಪೂರ್ತಿಯಾಗುವಾಗ 1923. ಅಷ್ಟರಲ್ಲಿ ಪಿಳ್ಳೆಯವರಿಗೆ ಅರವತ್ತು ಹತ್ತಿರ. 1946ರಲ್ಲಿ ಅವರು ತೀರಿಕೊಂಡ ಮೇಲೂ ಆವೃತ್ತಿಗಳು ಬರುತ್ತಲೇ ಇವೆ.

ನೀವೂ ಭಾಗ ಭಾಗವಾಗಿ ಕೊಡಬಹುದು, ಅಲ್ವಾ? ಆದರೆ ಒಂದು ಗಮನಿಸಿ. ಮೊದಲ ಭಾಗ ಹೊರಗೆ ಬಿಡುವ ಮುಂಚೆ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದಿದ್ದರು. ಬೆಳಿಗ್ಗೆ ಬರೆದದ್ದನ್ನು ಸಂಜೆ ಫೇಸ್‌ಬುಕ್ಕಿಗೆ ಹಾಕುವುದು ಬೇರೆ ಕೆಲಸ. ಲೈಕು ನೋಡಿ ಮುಂದಿನ ಅಧ್ಯಾಯ ತಿರುಗಿಸುವ ಚಟ ಹತ್ತಿದರೆ ಬಿಡುವುದು ಕಷ್ಟ. ಕೊನೆಯ ಪುಟದವರೆಗೆ ಬರೆದು ಮುಗಿಸಿ. ಆಮೇಲೆ ಮೂರು ಸಂಪುಟ ಮಾಡೋಣ, ಪತ್ರಿಕೆಯಲ್ಲಿ ಧಾರಾವಾಹಿ ಆಗುತ್ತದಾ ವಿಚಾರಿಸೋಣ.

ಸದ್ಯಕ್ಕೆ ಬಲೆಯ ಅಧ್ಯಾಯವನ್ನಷ್ಟೇ ಅಂಚೆಯಲ್ಲಿ ಕಳಿಸಿ. ಅಕ್ಷರ ಸ್ವಲ್ಪ ದಪ್ಪ ಇರಲಿ, ನನ್ನ ಕನ್ನಡಕ ಹಳೆಯದು.

ನಿಮ್ಮವ