ಇಂಜಿನ್ ಸಪ್ಪಳಕ್ಕೆ ನಿದ್ದೆ, ಮೊಬೈಲ್ ಸಪ್ಪಳಕ್ಕೆ ಸಿಟ್ಟು

ಸಂಪಾದಕರೇ,

ಗಂಗಾವತಿಯಿಂದ ಕೊಪ್ಪಳಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಾ ಒಂಬತ್ತು ವರ್ಷವಾಯಿತು. ಕಚೇರಿ ಕೆಲಸಕ್ಕಿಂತ ಬಸ್ಸಿನೊಳಗಿನ ಸದ್ದೇ ಜಾಸ್ತಿ ಸುಸ್ತು ಮಾಡುತ್ತದೆ ಅಂದರೆ ಮನೆಯಲ್ಲಿ ನಗುತ್ತಾರೆ.

ಕಳೆದ ವಾರ ಪಕ್ಕದ ಸೀಟಿನ ಹುಡುಗ ರೀಲ್ಸ್ ನೋಡುತ್ತಿದ್ದ. ಅದೇ ನಗು, ಅದೇ ಹಾಡಿನ ಚೂರು, ಮತ್ತೆ ಮತ್ತೆ. "ತಮ್ಮಾ, ಸ್ವಲ್ಪ ಸೌಂಡ್ ಕಡಿಮಿ ಮಾಡಪಾ" ಅಂದೆ. "ಇಷ್ಟು ದೊಡ್ಡ ಇಂಜಿನ್ ಸಪ್ಪಳ ನಡಿತೈತಿ, ನನ್ನ ಮೊಬೈಲ್ ಅಷ್ಟ ಕೇಳಸ್ತೈತೇನ್ರೀ ಅಕ್ಕಾರ?" ಅಂದ. ಸುತ್ತಲಿನವರು ನಕ್ಕರು. ನಾನು ಸುಮ್ಮನಾದೆ.

ಅವನು ಹೇಳಿದ್ದೂ ನಿಜವೇ ಅಲ್ವಾ? ಇಂಜಿನ್ ಸದ್ದೇ ದೊಡ್ಡದು. ಆದರೆ ಅದಕ್ಕೆ ನಾನು ಎಷ್ಟೋ ಸಲ ತೂಕಡಿಸಿ, ಬೂದಗುಂಪಾ ದಾಟಿದ್ದೂ ಗೊತ್ತಾಗಿಲ್ಲ.

ಕಾಲೇಜಿನಲ್ಲಿ ಓದಿದ ಒಂದು ಪ್ರಯೋಗ ನೆನಪಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಮಾಡಿದ್ದು, 1972ರಲ್ಲಿ ಪುಸ್ತಕವಾಗಿ ಬಂತು. ಯಾವಾಗ ಬರುತ್ತೋ ಗೊತ್ತಿಲ್ಲದ ಸದ್ದು ಕೇಳಿದವರು, ಆಮೇಲೆ ಕೊಟ್ಟ ಒಗಟುಗಳನ್ನು ಬೇಗ ಕೈಬಿಟ್ಟರು. 'ತೀರಾ ತಡೆಯದಿದ್ದರೆ ಈ ಗುಂಡಿ ಒತ್ತಿ, ಸದ್ದು ನಿಲ್ಲುತ್ತದೆ' ಅಂತ ಹೇಳಿಸಿಕೊಂಡವರು, ಗುಂಡಿ ಒತ್ತದೇ ಇದ್ದರೂ ಜಾಸ್ತಿ ಹೊತ್ತು ಬಿಡದೆ ಪ್ರಯತ್ನಿಸಿದರು. ಇಂಜಿನ್ ಬೇಕೇ ಬೇಕು, ಮೊಬೈಲ್ ನಿಲ್ಲಿಸಬಹುದು. ನಿಲ್ಲಿಸುವ ಗುಂಡಿ ಮಾತ್ರ ಅವನ ಕೈಯಲ್ಲಿ. ಸಿಟ್ಟು ಬರೋದು ಅದಕ್ಕೇ.

ಕಿಟಕಿ ಗಾಜಿನದೂ ಇದೇ ಕಥೆ. ಹಿಂದಿನ ಗಾಲಿ ಮೇಲಿನ ಸೀಟು, ರಬ್ಬರ್ ಕಿತ್ತುಹೋದ ಗಾಜು. ಕಟಕಟ ಅನ್ನುತ್ತದೆ, ನಿಲ್ಲುತ್ತದೆ, ಸದ್ಯ ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಒಮ್ಮೆ ನಿಮ್ಮ ಪತ್ರಿಕೆಯ ಪುರವಣಿಯನ್ನೇ ಮಡಚಿ ಸಂದಿಗೆ ತುರುಕಿದೆ (ಓದಿ ಮುಗಿಸಿದ ಮೇಲೆ, ಬೇಜಾರಾಗಬೇಡಿ). ತಟ್ಟನೆ ನಿಂತಿತು. ಮುಂದಿನ ಸೀಟಿನ ಅಜ್ಜ ತಿರುಗಿ, "ಪುಣ್ಯಾ ಕಟಗೊಂಡಿ ನೋಡವಾ" ಅಂದರು.

ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಚ್ಚಬಾರದು ಅಂತ ಕೆಎಸ್‌ಆರ್‌ಟಿಸಿ 2021ರಲ್ಲೇ ಆದೇಶ ಮಾಡಿತ್ತು. ನಮ್ಮ ಭಾಗದಲ್ಲೂ ಕಂಡಕ್ಟರ್ ಟಿಕೆಟ್ ಕೊಡುವಾಗ ಒಂದು ಮಾತು ಹೇಳಲಿ. ನಾವು ಹೇಳಿದರೆ ಜಗಳವಾಗುತ್ತದೆ. ಗಾಜಿಗೆ ರಬ್ಬರ್ ಹಾಕಿಸುವುದಕ್ಕೂ ದೊಡ್ಡ ಖರ್ಚೇನಿಲ್ಲ.

ಅಲ್ಲಿಯವರೆಗೆ ಬ್ಯಾಗಿನಲ್ಲಿ ಒಂದು ರಟ್ಟಿನ ತುಂಡು ಇಟ್ಟುಕೊಂಡಿದ್ದೇನೆ. ಇದೆ ಅಂತ ಗೊತ್ತಿರುವುದರಿಂದಲೋ ಏನೋ, ಎಷ್ಟೋ ದಿನ ಹೊರಗೆ ತೆಗೆಯುವುದೇ ಇಲ್ಲ.

– ದಿನದ ಪ್ರಯಾಣಿಕಳು, ಗಂಗಾವತಿ