ತೆಗೆಯುವ ಮುಂಚೆ ಒಂದು ಮಾತು

ಮಂಡ್ಯ,
ಭಾನುವಾರ ಸಂಜೆ

ಚೈತ್ರಾ,

ನಿನ್ನ ಕಾಗದದ ಮಿಕ್ಕ ವಿಷಯವೆಲ್ಲ ನಿಮ್ಮ ದೊಡ್ಡಮ್ಮನಿಗೆ ಓದಿ ಹೇಳಿದೆ. ಪಿಯುಸಿ ಮಕ್ಕಳ ಪರೀಕ್ಷಾ ಭಯ ಅಳೆಯೋಕೆ ನೀನು ಮಾಡ್ತಿರೋ ಕನ್ನಡ ಪ್ರಶ್ನಾವಳಿ ಬಗ್ಗೆ ಬರೆದ ಒಂದು ಸಾಲು ಮಾತ್ರ ನನ್ನಲ್ಲೇ ಕೊರೀತಾ ಇದೆ: 'ಆಲ್ಫಾ 0.62 ಬಂದಿದೆ, 0.80 ದಾಟೋವರೆಗೂ ಪ್ರಶ್ನೆ ತೆಗೀತಾ ಹೋಗಲಾ ದೊಡ್ಡಪ್ಪ?' ಆಲ್ಫಾ ಅಂದರೆ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳೋ ಅಂಕಿ, ಹೆಚ್ಚೆಂದರೆ 1. ನಿನಗೆ ಆ ಅಂಕಿಯ ಭಯ. ನನಗೆ ಆ 'ತೆಗೀತಾ ಹೋಗಲಾ' ಅನ್ನೋದರ ಭಯ.

ತೆಗೆದರೆ ಏರುತ್ತೆ, ಅನುಮಾನವಿಲ್ಲ. 'ಎದೆ ಹೊಡೆದುಕೊಳ್ಳುತ್ತೆ', 'ಎದೆ ಢವಢವ ಅನ್ನುತ್ತೆ', 'ಗುಂಡಿಗೆ ಜೋರಾಗಿ ಬಡಿಯುತ್ತೆ', ಮೂರೂ ಒಂದೇ ಪ್ರಶ್ನೆ. ಒಂದಕ್ಕೆ ಹೌದು ಅಂದ ಹುಡುಗ ಮೂರಕ್ಕೂ ಹೌದು ಅಂತಾನೆ, ಆಲ್ಫಾ ಸಲೀಸಾಗಿ ಮೇಲೆ ಹೋಗುತ್ತೆ. ಉದುರೋದು 'ಫೇಲಾದರೆ ಮನೆಗೆ ಯಾವ ಮುಖ ಇಟ್ಕೊಂಡು ಹೋಗಲಿ' ಅನ್ನೋಂಥದ್ದು. ಕೊನೆಗೆ ನೀನು ಅಳೆಯೋದು ಎದೆಬಡಿತ, ಪರೀಕ್ಷಾ ಭಯವಲ್ಲ. ಕಬ್ಬಿನ ಗಾಡಿ ಹತ್ತು ಸಲ ವೇಬ್ರಿಡ್ಜ್ ಹತ್ತಿಸು, ಹತ್ತು ಸಲವೂ ಅದೇ ತೂಕ ಬರಬಹುದು. ಸಕ್ಕರೆ ಇಳುವರಿ ಎಷ್ಟು ಅಂತ ಅದು ಹೇಳಲ್ಲ. ರಿಲಯಬಿಲಿಟಿ (ಅಳತೆಯ ಸ್ಥಿರತೆ) ಬಂತು, ವ್ಯಾಲಿಡಿಟಿ (ಅಳೆಯಬೇಕಾದ್ದನ್ನೇ ಅಳೆಯೋದು) ಬರಲಿಲ್ಲ ಅಂದರೆ ಇಷ್ಟೇ.

ಹಾಗಂತ 0.62 ಸಾಕು ಅಂತಿಲ್ಲ. ಅಂಕಗಳ ಎಸ್‌ಡಿ (ಸರಾಸರಿಯಿಂದ ಅಂಕಗಳು ಎಷ್ಟು ಚದುರಿವೆ ಅನ್ನೋ ಅಳತೆ) 10 ಇದೆ ಅಂದುಕೋ. 1ರಲ್ಲಿ 0.62 ಕಳೆದು, ವರ್ಗಮೂಲ ತೆಗೆದು, 10ರಿಂದ ಗುಣಿಸು: 6.2. ಇದು ಒಬ್ಬರ ಅಂಕದಲ್ಲಿ ಇರಬಹುದಾದ ತಪ್ಪಿನ ಅಳತೆ. ಇದರ ಸುಮಾರು ಎರಡರಷ್ಟು ಆಚೀಚೆ ಹಾಕಿದರೆ, 52 ಬಂದ ಹುಡುಗಿಗೆ 95% ಅಂತರ ಸುಮಾರು 40ರಿಂದ 64; ಅವಳ ನಿಜವಾದ ಅಂಕ ಅದರೊಳಗೆ ಎಲ್ಲಾದರೂ ಇರಬಹುದು. ಅದನ್ನ ನೋಡಿ ಯಾರನ್ನೂ ಕೌನ್ಸೆಲಿಂಗಿಗೆ ಕಳಿಸೋಕಾಗಲ್ಲ.

ಕತ್ತರಿ ಹಿಡಿಯೋ ಮುಂಚೆ ಶೀಟ್ ನೋಡು. ತಿರುವು ಪ್ರಶ್ನೆಗಳನ್ನ, ಅಂದರೆ ಹೌದು ಅಂದರೆ ಭಯ ಕಡಿಮೆ ಅಂತ ಅರ್ಥ ಬರೋವನ್ನ, ರೀಕೋಡ್ ಮಾಡಿದೀಯಾ? 1ರಿಂದ 5ರ ಉತ್ತರಕ್ಕೆ 6ರಿಂದ ಕಳೀಬೇಕು. ಮರೆತಿದ್ದರೆ ಐಟಂ-ಟೋಟಲ್ (ಒಂದು ಪ್ರಶ್ನೆಗೂ ಒಟ್ಟು ಅಂಕಕ್ಕೂ ಇರೋ ಸಂಬಂಧ) ಮೈನಸ್ ಬಂದು ಆಲ್ಫಾ ಕುಸಿಯುತ್ತೆ. ರೀಕೋಡ್ ಆಗಿದ್ದೂ ಕಡಿಮೆ ಇದ್ದರೆ ತಪ್ಪು ಮಕ್ಕಳದಲ್ಲ, ನಮ್ಮ ಕನ್ನಡದ್ದು. 'ನನಗೆ ಭಯವಾಗುವುದಿಲ್ಲ' ಅನ್ನೋದಕ್ಕೆ 'ಎಂದೂ ಇಲ್ಲ' ಅಂತ ಗುರುತು ಹಾಕಬೇಕಾದ ಪಿಯುಸಿ ಹುಡುಗ ಎರಡು ಇಲ್ಲಗಳ ನಡುವೆ ಸಿಕ್ಕಿಬೀಳ್ತಾನೆ. 'ನೆಮ್ಮದಿಯಾಗಿ ಕೂತು ಬರೀತೀನಿ' ಅಂತ ಬದಲಿಸು. 'ಉದ್ವಿಗ್ನನಾಗುತ್ತೇನೆ' ಬೇಡ, ನಮ್ಮ ಕಡೆ ದಿಗಿಲಾಗೋದು. ಇನ್ನು ಇಂಗ್ಲಿಷ್ ನುಡಿಗಟ್ಟನ್ನ ಪದಕ್ಕೆ ಪದ ಇಳಿಸಿದ ಆ 'ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುತ್ತದೆ'! ಮಳವಳ್ಳಿ ಹುಡುಗನ ಹೊಟ್ಟೇಲಿ ಯಾವ ಚಿಟ್ಟೆ? ಹೊಟ್ಟೆ ತೊಳಸುತ್ತೆ ಅಷ್ಟೆ. ಇದನ್ನ ಇಂಗ್ಲಿಷಿಗೆ ವಾಪಸ್ ಅನುವಾದಿಸಿದರೆ ಚಿಟ್ಟೆ ಚಿಟ್ಟೆಯಾಗೇ ಬರುತ್ತೆ, ತಪ್ಪು ಸಿಗೋದೇ ಇಲ್ಲ. ಏಳೆಂಟು ಮಕ್ಕಳನ್ನ ಒಬ್ಬೊಬ್ಬರಾಗಿ ಕೂರಿಸಿ, ಗಟ್ಟಿಯಾಗಿ ಓದಿಸಿ, ಏನು ಅರ್ಥವಾಯ್ತು ಅಂತ ಕೇಳು. ಆಗ ಸಿಗುತ್ತೆ.

ಮತ್ತೆ ಆ ಆಲ್ಫಾಗೇ ಬಂದೆ, ಬೇಜಾರಾಗಬೇಡ. ಪರೀಕ್ಷಾ ಭಯದಲ್ಲಿ ತಲೆಯೊಳಗಿನ ಚಿಂತೆ ಬೇರೆ, ಮೈಯ ನಡುಕ ಬೇರೆ ಅಂತ ಮನಃಶಾಸ್ತ್ರಜ್ಞರಾದ ಲೀಬರ್ಟ್, ಮಾರಿಸ್ 1967ರಲ್ಲೇ ಹೇಳಿದಾರೆ. ಎರಡನ್ನೂ ಒಂದೇ ಮೂಟೆ ಕಟ್ಟಿ ಆಲ್ಫಾ ತೆಗೆದಿದೀಯೇನೋ. ಬೇರೆಬೇರೆಯಾಗಿ ತೆಗೆದು ನೋಡು. ಕಡಿಮೆಯೇ ಬಂದರೂ ತೆಗೆಯೋದಕ್ಕಿಂತ ಸೇರಿಸೋದು ವಾಸಿ: ಅದೇ ಗುಣದ ಇನ್ನೂ ಅಷ್ಟೇ ಪ್ರಶ್ನೆ ಸೇರಿಸಿದರೆ ಸ್ಪಿಯರ್‌ಮನ್-ಬ್ರೌನ್ ಸೂತ್ರದಲ್ಲಿ 0.62 ಅನ್ನೋದು 0.77 ಆಗುತ್ತೆ. (ಆ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರೇ ಮೈಸೂರು ವಿಶ್ವವಿದ್ಯಾಲಯದಲ್ಲಿ ನಿನ್ನ ಮನಃಶಾಸ್ತ್ರ ವಿಭಾಗ ಕಟ್ಟಿದ್ದು, 1924ರಲ್ಲಿ.)

ತೆಗೆಯಲೇಬೇಕಾದರೆ, ಅರ್ಧ ಮಕ್ಕಳ ಉತ್ತರದ ಮೇಲೆ ತೆಗೆದು, ಮಿಕ್ಕ ಅರ್ಧದಲ್ಲಿ ಆಲ್ಫಾ ಲೆಕ್ಕ ಹಾಕು. ಅದೇ ಗುಂಪಿನಲ್ಲಿ ತೆಗೆದು ಅದೇ ಗುಂಪಿನಲ್ಲಿ ಅಳೆದರೆ ಅಂಕಿ ಉಬ್ಬಿರುತ್ತೆ. ನಾನೂ ಒಂದು ಕಾಲಕ್ಕೆ ಹಾಗೆ ಉಬ್ಬಿಸಿದವನೇ. ತೆಗೆದದ್ದು ಯಾವುದು, ಯಾಕೆ ಅಂತ ಒಂದು ಚೀಟಿಯನ್ನೂ ಇಡಲಿಲ್ಲ. ಆ ಪ್ರಶ್ನೆಗಳನ್ನ ಈಗ ನೆನೆಸಿಕೊಳ್ಳೋಕೆ ಹೋದರೆ ಒಂದೂ ಬರಲ್ಲ.

ಅದೇ ಉತ್ತರ ಬರುತ್ತಾ ಅಂತ ನೋಡೋಕೆ ಅದೇ ಮಕ್ಕಳಿಗೆ ಎರಡನೇ ಸಲ ಕೊಡೋದಿದ್ದರೆ ಎರಡು ಮೂರು ವಾರ ಬಿಟ್ಟು ಕೊಡು. ಪ್ರಿಪರೇಟರಿ ಹತ್ತಿರ ಬೇಡ. ಆಗ ಭಯವೇ ಏರಿರುತ್ತೆ, ತಪ್ಪನ್ನ ನೀನು ಮಾಪನಿಯ ಮೇಲೆ ಹಾಕ್ತೀಯ. ಇದೆಲ್ಲ ನಿಮ್ಮ ಗೈಡ್ ಹೇಳಿರಬಹುದು, ನಾನು ಸುಮ್ಮನೆ ಉದ್ದ ಬರೆದೆನೇನೋ.

ತೆಗೀಬೇಕು ಅಂತ ಗುರುತು ಹಾಕಿರೋ ಪ್ರಶ್ನೆಗಳನ್ನ ಹಾಗೇ ಬರೆದು ಕಳಿಸು. ಅಲ್ಲಿವರೆಗೂ ಒಂದನ್ನೂ ಅಳಿಸಬೇಡ.

ನಿನ್ನ,
ದೊಡ್ಡಪ್ಪ